ಕ್ಯಾನ್ಸರ್ ಪತ್ತೆ, ಚಿಕಿತ್ಸೆಗೆ ಹೊಸ ಲೋಹ ಸಂಯುಕ್ತ ಮಾಡಬೇಕೆಂದಿದ್ದೇನೆ. ಯಾವ ಲೋಹ ಆರಿಸಿಕೊಳ್ಳಲಿ?

ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಈ ಕೆಲಸಕ್ಕೆ ಬಂದವನು. ನೇರವಾಗಿ ಹೇಳುತ್ತೇನೆ: ಯಾವ ಲೋಹ ಬೇಕು ಅನ್ನುವುದಕ್ಕಿಂತ ಮೊದಲು, ಬೇಡದ ಲೋಹವನ್ನು ಹೊರಗಿಡುವುದು ಕಲಿಯಿರಿ.

ಸ್ಕ್ಯಾನಿಗೆ ಬಳಸುವ ವಿಕಿರಣಶೀಲ ಲೋಹ ಗ್ಯಾಲಿಯಂ-68 ನೋಡಿ. 1 ಗಿಗಾಬೆಕೆರೆಲ್ (ವಿಕಿರಣ ಚಟುವಟಿಕೆಯ ಅಳತೆ) ಅಂದರೆ ಪರಮಾಣುಗಳ ಲೆಕ್ಕಕ್ಕೆ ಬರೀ 10 ಪಿಕೊಮೋಲ್. ಅದಕ್ಕೆ ಹಾಕುವ ಡೋಟಾಟೇಟ್ (ಗಡ್ಡೆಗೆ ಅಂಟುವ ಪೆಪ್ಟೈಡ್ ಎಂಬ ಚಿಕ್ಕ ಪ್ರೋಟೀನಿಗೆ, ಲೋಹ ಹಿಡಿಯುವ ಡೋಟಾ ಎಂಬ ಚೆಲೇಟರ್ ಜೋಡಿಸಿದ್ದು) 20 ಮೈಕ್ರೊಗ್ರಾಂ, ಅಂದರೆ 14 ನ್ಯಾನೊಮೋಲ್ (14,000 ಪಿಕೊಮೋಲ್). ಸಾವಿರ ಪಟ್ಟಿಗೂ ಹೆಚ್ಚು ಪೆಪ್ಟೈಡ್ ಇದೆಯಲ್ಲ ಅಂತ ಧೈರ್ಯ ಬರುತ್ತದೆ. ಆದರೆ 1 ಮೈಕ್ರೊಗ್ರಾಂ ಕಬ್ಬಿಣ ಅಂದರೆ 18 ನ್ಯಾನೊಮೋಲ್! ಕಣ್ಣಿಗೆ ಕಾಣದಷ್ಟು ಕಬ್ಬಿಣ ಸೇರಿದರೂ ಡೋಟಾದ ಸೀಟೆಲ್ಲ ಭರ್ತಿ. ಅದು ಬರುವುದು ಸ್ಟೀಲ್ ಸ್ಪ್ಯಾಚುಲಾದಿಂದ, ಆಮ್ಲ ಹಾಯುವ ಸ್ಟೀಲ್ ಸೂಜಿಯಿಂದ, ಸಾಮಾನ್ಯ ದರ್ಜೆಯ ಸೋಡಿಯಂ ಅಸಿಟೇಟ್‌ನಿಂದ. ಪ್ಲಾಸ್ಟಿಕ್ ಸ್ಪ್ಯಾಚುಲಾ ಬಳಸಿ, ಬಫರನ್ನು (ಪಿಎಚ್ ಕಾಯುವ ದ್ರಾವಣ) ಲೋಹ ಹೀರುವ ಚೆಲೆಕ್ಸ್ ರಾಳದಲ್ಲಿ ಹಾಯಿಸಿ.

ಇನ್ನು ಸತು. ಗ್ಯಾಲಿಯಂ-68 ಕ್ಷಯಿಸಿ ಆಗುವುದೇ ಸತು-68. ವಾರಾಂತ್ಯವೆಲ್ಲ ಸುಮ್ಮನೆ ಕೂತ ಜನರೇಟರಿನಲ್ಲಿ (ಗ್ಯಾಲಿಯಂ-68 ಕೊಡುವ ಸಾಧನ) ಅದು ಶೇಖರವಾಗಿರುತ್ತದೆ. ಸೋಮವಾರದ ಮೊದಲ ಎಲ್ಯೂಷನ್ (ಆಮ್ಲ ಹಾಯಿಸಿ ತೆಗೆದ ಗ್ಯಾಲಿಯಂ) ಬಳಸಬೇಡಿ. ನಾಲ್ಕು ಗಂಟೆ ಬಿಟ್ಟರೆ ಶೇ. 90ಕ್ಕಿಂತ ಹೆಚ್ಚು ಚಟುವಟಿಕೆ ಮತ್ತೆ ಸಿಗುತ್ತದೆ.

ಲೇಬಲಿಂಗ್‌ಗೆ, ಅಂದರೆ ಪೆಪ್ಟೈಡಿಗೆ ಗ್ಯಾಲಿಯಂ ಜೋಡಿಸಲು, ಪಿಎಚ್ 3.5ರಿಂದ 4, 95 ಡಿಗ್ರಿ, 10 ನಿಮಿಷ. ಪಿಎಚ್ ಮೇಲೆ ಹೋದರೆ ಗ್ಯಾಲಿಯಂ ಹೈಡ್ರಾಕ್ಸೈಡ್ ಕಲಾಯ್ಡ್ (ದ್ರಾವಣದಲ್ಲಿ ತೇಲುವ ಸೂಕ್ಷ್ಮ ಕಣ) ಆಗುತ್ತದೆ. ಬಹಳ ಜನ ಮೋಸಹೋಗುವುದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಿಎಲ್‌ಸಿ (ಶುದ್ಧತೆ ನೋಡುವ ತೆಳುಪದರ ಪರೀಕ್ಷೆ) ಪಟ್ಟಿಯನ್ನು 0.1 ಮೋಲಾರ್ ಸಿಟ್ರೇಟ್‌ನಲ್ಲಿ ಓಡಿಸಿದರೆ ಬಿಡಿ ಗ್ಯಾಲಿಯಂ ಮೇಲಕ್ಕೆ ಹೋಗುತ್ತದೆ, ಲೇಬಲ್ ಆದ ಪೆಪ್ಟೈಡ್ ಬುಡದಲ್ಲಿ ಉಳಿಯುತ್ತದೆ. ಕಲಾಯ್ಡ್ ಕೂಡ ಬುಡದಲ್ಲೇ! ಬುಡದಲ್ಲಿ ಶೇ. 99 ಕಂಡು ಶುದ್ಧ ಅಂದುಕೊಂಡರೆ, ಸ್ಕ್ಯಾನಿನಲ್ಲಿ ಯಕೃತ್ತು ಬೆಳಗುತ್ತದೆ. ಎರಡನೇ ಪಟ್ಟಿ ಬೇಕೇ ಬೇಕು: 1 ಮೋಲಾರ್ ಅಮೋನಿಯಂ ಅಸಿಟೇಟ್, ಮೆಥನಾಲ್, ಸಮಪಾಲು. ಇದರಲ್ಲಿ ಪೆಪ್ಟೈಡ್ ಏರುತ್ತದೆ, ಕಲಾಯ್ಡ್ ಏರುವುದಿಲ್ಲ. ಎರಡೂ ಪಟ್ಟಿ ಇಲ್ಲದ ಶುದ್ಧತೆಯ ಅಂಕಿ ನನ್ನ ಪ್ರಕಾರ ಅಂಕಿಯೇ ಅಲ್ಲ.

ಲೋಹದ ಆಯ್ಕೆಗೆ ಬಂದರೆ, ಅದನ್ನು ತೀರ್ಮಾನಿಸುವುದು ನೀವಲ್ಲ, ಅದನ್ನು ಹೊತ್ತೊಯ್ಯುವ ಅಣು. ಪೆಪ್ಟೈಡ್ ಗಂಟೆಯೊಳಗೆ ಗಡ್ಡೆ ಸೇರುತ್ತದೆ, 68 ನಿಮಿಷದ ಅರ್ಧಾಯುಷ್ಯ ಸಾಕು. ಆಂಟಿಬಾಡಿಗೆ ದಿನಗಳೇ ಬೇಕು, ಅದಕ್ಕೆ 78 ಗಂಟೆಯ ಜಿರ್ಕೋನಿಯಂ-89. ಚಿಕಿತ್ಸೆಗೆ ಲುಟೇಶಿಯಂ-177, 6.65 ದಿನ, ಟ್ರಾಂಬೆಯ ರಿಯಾಕ್ಟರಿನಲ್ಲೇ ತಯಾರಾಗುತ್ತದೆ. ಅದರ ಬೀಟಾ ವಿಕಿರಣ ಪೆಪ್ಟೈಡನ್ನೇ ಒಡೆಯದಂತೆ ಜೆಂಟಿಸಿಕ್ ಅಥವಾ ಆಸ್ಕಾರ್ಬಿಕ್ ಆಮ್ಲ ಸೇರಿಸುವುದು ಮರೆಯಬೇಡಿ.

ಹೊಸ ಚೆಲೇಟರೇ ಮಾಡುತ್ತೇನೆ ಅಂದರೆ ಮಾಡಿ. ಆದರೆ ಬೇಕೆಂದೇ ಕಬ್ಬಿಣ, ಸತು ಬೆರೆಸಿ, ಇಳುವರಿ ಎಷ್ಟು ಬೀಳುತ್ತದೆ ತೋರಿಸಿ. ಅದಿಲ್ಲದೆ ಡೋಟಾಗಿಂತ ಒಳ್ಳೆಯದು ಅಂದರೆ ನಾನಂತೂ ಒಪ್ಪುವುದಿಲ್ಲ.