ಗೋವಾದಿಂದ ಮಾಲ್ಡೀವ್ಸ್‌ಗೆ ಹಾಯಿದೋಣಿಯಲ್ಲಿ ಹೋಗುವಾಗ ಎಲ್ಲೆಲ್ಲಿ ನಿಲ್ಲಬೇಕು?

ನೀವು ಬರೆದು ಕೇಳಿದ ಪ್ಲಾನ್ ಇದು: ಡಿಸೆಂಬರ್‌ನಲ್ಲಿ ಗೋವಾ ಬಿಟ್ಟು ಕೊಚ್ಚಿ, ಅಲ್ಲಿಂದ ಮಾಲ್ಡೀವ್ಸ್. ದಾರಿಯಲ್ಲಿ ದಿನಕ್ಕೊಂದು ನಿಲುಗಡೆ. ಬೆಂಗಳೂರಿನಿಂದ ಗೆಳೆಯರು ಒಬ್ಬೊಬ್ಬರಾಗಿ ಬಂದು ಹತ್ತಿಕೊಳ್ಳುವುದು. ಯಾವ ಮರೀನಾದಲ್ಲಿ ಸೌಲಭ್ಯ ಚೆನ್ನಾಗಿದೆ ಎಂಬ ಪ್ರಶ್ನೆ. ಇದು ಅಕ್ಷರಶಃ ನಮ್ಮ ಹಳೆಯ ಪ್ಲಾನ್. ಜಯನಗರದ ಒಂದು ಮನೆಯಲ್ಲಿ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾವು ಮೂವರು ಇದನ್ನೇ ಎಕ್ಸೆಲ್‌ನಲ್ಲಿ ಬರೆದಿದ್ದೆವು. ಆ ಶೀಟಿನ ಒಂದೇ ಸಾಲಿನಿಂದ ನಮ್ಮ ದೋಣಿಯ ಚುಕ್ಕಾಣಿ ಹೋಯಿತು, ಇಡೀ ಸೀಸನ್ ಹೋಯಿತು, ಒಬ್ಬ ಗೆಳೆಯ ತನ್ನ ಪಾಲು ಮಾರಿ ಹೊರಟುಹೋದ.

ನಮ್ಮದು 34 ಅಡಿಯ ಹಾಯಿದೋಣಿ. ನೀರಿನ ಕೆಳಗೆ 1.8 ಮೀಟರ್ ಇಳಿಯುತ್ತದೆ. ಗೋವಾ ಬಿಟ್ಟಾಗ ಎಲ್ಲ ಸರಿಯಾಗಿಯೇ ಇತ್ತು. ನಮ್ಮ ಕರಾವಳಿಯ ಒಂದು ಮೀನುಗಾರಿಕಾ ಬಂದರಿನಲ್ಲಿ ಮೂರನೆಯವನು ಹತ್ತಬೇಕಿತ್ತು. ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು, ಬೆಳಿಗ್ಗೆ ಅಲ್ಲಿಗೆ ತಲುಪುತ್ತಾನೆ, ನಾವು ಸಂಜೆ ನಾಲ್ಕಕ್ಕೆ ಉಬ್ಬರದ ಹೊತ್ತಿಗೆ ಒಳಗೆ ಬರುತ್ತೇವೆ. ಆ ಬಂದರು ಇರುವುದು ನದಿಯೊಳಗೆ. ಅಳಿವೆ ಬಾಗಿಲು, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿಯೇ ಹೋಗಬೇಕು.

ನಾಲ್ಕಕ್ಕೆ ನಾವು ಅಲ್ಲಿರಲಿಲ್ಲ. ಆ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಗಾಳಿ, ಮಧ್ಯಾಹ್ನದ ಮೇಲೆ ಕಡಲ ಗಾಳಿ. ನಡುವೆ ಒಂದಷ್ಟು ಹೊತ್ತು ಗಾಳಿಯೇ ಇರುವುದಿಲ್ಲ. ಎಂಜಿನ್ ಹಾಕಿದೆವು. ಯಾರದೋ ಬಲೆಯ ನೈಲಾನ್ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡಿತು. ನೀರಿಗಿಳಿದು ಚಾಕುವಿನಿಂದ ಎಳೆ ಎಳೆಯಾಗಿ ಕುಯ್ದು ಬಿಡಿಸುವಷ್ಟರಲ್ಲಿ ಸೂರ್ಯ ಇಳಿದಿದ್ದ. ಅಳಿವೆಯ ಮುಂದೆ ಬಂದಾಗ ಕತ್ತಲು. ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ತುದಿಯ ಕೆಂಪು ಹಸಿರು ದೀಪಗಳು ಹಿಂದಿನ ಮೀನು ಮಾರ್ಕೆಟ್‌ನ ಹ್ಯಾಲೊಜೆನ್ ಬೆಳಕಿನಲ್ಲಿ ಕಾಣದೇ ಹೋದವು. ಬಂದರಿನ ಕಟ್ಟೆಯಿಂದ ಫೋನ್‌ನಲ್ಲಿ ಆ ಮೂರನೆಯವನು, "ನಾನು ದಕ್ಕೆ ಮೇಲೇ ನಿಂತಿದ್ದೀನಿ, ನಿಮ್ಮ ಲೈಟ್ ಕಾಣ್ತಿದೆ" ಅಂದ.

ಒಳಗೆ ತಿರುಗಿಸಿದೆವು. ನೀರಿನ ಆಳ ತೋರಿಸುವ ಡೆಪ್ತ್ ಮೀಟರ್ 5.1 ಮೀಟರ್ ಅಂದಿತು. ಆಮೇಲೆ 3.8. ಆಮೇಲೆ 2.6. ಆ 2.6 ತೋರಿಸಿದ್ದು ನಾವು ಅಲೆಯ ತಲೆಯ ಮೇಲಿದ್ದಾಗ. ಅಲೆ ಕೆಳಗಿಂದ ಜಾರಿದ ಕ್ಷಣ ದೋಣಿಯ ತಳದ ಕೀಲ್ ಮರಳಿಗೆ ಬಡಿಯಿತು. ಹಲ್ಲಿನವರೆಗೂ ಬಂತು ಆ ಪೆಟ್ಟು. ಮುಂದಿನ ಅಲೆ ಹಿಂಭಾಗವನ್ನು ಎತ್ತಿ ಅಡ್ಡಕ್ಕೆ ಒಗೆಯಿತು. ನನ್ನ ಕೈಯಲ್ಲಿದ್ದ ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಹಿಡಿ) ಇದ್ದಕ್ಕಿದ್ದಂತೆ ಹಗುರಾಯಿತು. ಕೆಳಗೆ ಚುಕ್ಕಾಣಿಯ ಉಕ್ಕಿನ ಶಾಫ್ಟ್ ಬಾಗಿ, ಹಲಗೆ ಒಡೆದಿತ್ತು. ವಾಪಸ್ ಬರುತ್ತಿದ್ದ ಒಂದು ಟ್ರಾಲ್ ಬೋಟಿನವರು ಹಗ್ಗ ಎಸೆದು ಎಳೆದುಕೊಂಡು ಹೋದರು. ಅವರು ಬಾರದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಈ ಕಥೆ ಕೇಳಿದವರೆಲ್ಲ "ಕತ್ತಲಲ್ಲಿ ಒಳಗೆ ಹೋದ್ರಲ್ಲ, ಅದೇ ತಪ್ಪು" ಅಂತ ಮುಗಿಸಿಬಿಡುತ್ತಾರೆ. ಅಲ್ಲ. ತಪ್ಪು ಆಗಿದ್ದು ಆ ಎಕ್ಸೆಲ್ ಶೀಟಿನಲ್ಲಿ, ಬೆಂಗಳೂರಿನಲ್ಲಿ. ಬಸ್ಸು ಚೆನ್ನಾಗಿ ಸಿಗುತ್ತದೆ ಎಂಬ ಕಾರಣಕ್ಕೆ ನದಿಬಾಯಿಯ ಬಂದರನ್ನು ಆರಿಸಿಕೊಂಡೆವು.

ನದಿಬಾಯಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಮಳೆಗಾಲದಲ್ಲಿ ನದಿ ಮರಳು ತರುತ್ತದೆ, ಕಡಲು ಅದನ್ನು ವಾಪಸ್ ನೂಕುತ್ತದೆ, ಎರಡೂ ಸೇರುವಲ್ಲಿ ದಿಬ್ಬ ಕೂರುತ್ತದೆ. ಪ್ರತಿ ಮಳೆಗಾಲ ಕಳೆದ ಮೇಲೆ ಆ ದಿಬ್ಬ ಇದ್ದಲ್ಲಿ ಇರುವುದಿಲ್ಲ. ಚಾರ್ಟ್‌ನಲ್ಲಿ, ಅಂದರೆ ಕಡಲ ನಕ್ಷೆಯಲ್ಲಿ, ಇರುವ ಆಳ ಯಾವತ್ತೋ ಅಳೆದದ್ದು. ಅಲ್ಲಿನ ಮೀನುಗಾರರು ದಿನಾ ದಾಟುತ್ತಾರೆ, ಅವರಿಗೆ ದಾರಿ ಗೊತ್ತು. ನಮಗೆ ಗೊತ್ತಿಲ್ಲ. ಉಬ್ಬರದಲ್ಲಿ ನೀರು ಒಳಗೆ ಹೋಗುತ್ತಿರುತ್ತದೆ, ಅಲೆಯೂ ಒಳಗೇ ಹೋಗುತ್ತದೆ, ಆಗ ಸ್ವಲ್ಪ ಸಲೀಸು. ಇಳಿತದಲ್ಲಿ ಇಡೀ ನದಿ ಹೊರಗೆ ನುಗ್ಗುತ್ತದೆ. ಮಧ್ಯಾಹ್ನದ ಕಡಲ ಗಾಳಿ ಎಬ್ಬಿಸಿದ ಅಲೆ ಅದಕ್ಕೆ ಎದುರಾಗಿ ಬರುತ್ತದೆ. ಆಗ ಅಲೆಗಳ ನಡುವಿನ ಅಂತರ ಕಡಿಮೆಯಾಗಿ, ಎದ್ದು ನಿಂತು, ದಿಬ್ಬದ ಮೇಲೆ ಮುರಿಯುತ್ತವೆ. ಅದೂ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ನಮಗೆ ಕಾಣುವುದು ಅಲೆಯ ಬೆನ್ನು, ಅದು ನುಣ್ಣಗೇ ಇರುತ್ತದೆ. ಉಬ್ಬರ ಇಳಿತದ ಪಟ್ಟಿಯಲ್ಲಿ ನೀರಿನ ಎತ್ತರ ಇರುತ್ತದೆ, ಇದ್ಯಾವುದೂ ಇರುವುದಿಲ್ಲ.

ಇದೆಲ್ಲ ಗೊತ್ತಿದ್ದ ಮೇಲೆ ತಿರುಗಿ ಹೊರಗೆ ಹೋಗಬಹುದಿತ್ತು ಅಲ್ವಾ? ಹತ್ತು ಮೈಲಿ ಆಚೆ ಹೋಗಿ ರಾತ್ರಿ ಕಳೆದಿದ್ದರೆ ಏನೂ ಆಗುತ್ತಿರಲಿಲ್ಲ. ಹೋಗಲಿಲ್ಲ, ಯಾಕೆಂದರೆ ದಕ್ಕೆ ಮೇಲೆ ಒಬ್ಬ ಬ್ಯಾಗ್ ಹಿಡಿದು ನಿಂತಿದ್ದ. ಅವನ ರಜೆ ಎಷ್ಟು ದಿನ ಅಂತ ನಮಗೆ ಗೊತ್ತಿತ್ತು. ನಿಲುಗಡೆಗೆ ತಾರೀಕು ಅಂಟಿಸಿದರೆ ಹೀಗೇ ಆಗುತ್ತದೆ.

ಹಾಗಾಗಿ ನೀವು ಕೇಳಿದ್ದಕ್ಕೆ ನನ್ನ ಉತ್ತರ: ಗೋವಾ ಮತ್ತು ಕೊಚ್ಚಿ ನಡುವೆ ಎಲ್ಲೂ ನಿಲ್ಲಬೇಡಿ. ಬಿಸಿನೀರು, ವೈಫೈ, ಒಳ್ಳೆ ಊಟ ನೋಡಿ ಹೈವೇ ಹೋಟೆಲ್ ಆರಿಸಿದ ಹಾಗೆ ಬಂದರು ಆರಿಸುವುದು ತಪ್ಪು. ಸುಮಾರು 350 ನಾಟಿಕಲ್ ಮೈಲಿ ದಾರಿ. ಐದು ನಾಟ್ ವೇಗ (ಗಂಟೆಗೆ ಐದು ನಾಟಿಕಲ್ ಮೈಲಿ) ಸಿಕ್ಕರೆ ಮೂರು ದಿನ. ಗಾಳಿ ಹೆಚ್ಚಾಗಿ ಹಿಂದಿನಿಂದ, ಇಲ್ಲವೇ ಪಕ್ಕದಿಂದ. ದಡಕ್ಕೆ ಹತ್ತಿರ ಬಲೆ ಜಾಸ್ತಿ, ಎಷ್ಟೋ ಬಲೆಗಳಿಗೆ ದೀಪವೂ ಇರುವುದಿಲ್ಲ, ಆದ್ದರಿಂದ ಹೊರಗೇ ಹೋಗಿ. ಮೂರು ರಾತ್ರಿ ಪಾಳಿ ಮಾಡಿ ಕಾವಲಿರಲು ಆಗದ ತಂಡ ಮಾಲ್ಡೀವ್ಸ್‌ಗೆ ಹೋಗಲೇಬಾರದು. ಅದು ಕೊಚ್ಚಿಯಲ್ಲೇ ಗೊತ್ತಾಗಿಬಿಡುವುದು ಒಳ್ಳೆಯದು.

ಆಸರೆಗೆ ಒಂದು ಜಾಗ ಮನಸ್ಸಲ್ಲಿಟ್ಟುಕೊಳ್ಳಿ: ಪಣಂಬೂರಿನ ನವಮಂಗಳೂರು ಬಂದರು. ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿದೆ. ಅದು ನದಿಬಾಯಿ ಅಲ್ಲ, ಹಡಗುಗಳಿಗಾಗಿ ತೋಡಿದ ಆಳದ ಬಂದರು. ಪ್ರವಾಸಿ ದೋಣಿಗಳಿಗೆ ಮಾಡಿದ್ದಲ್ಲ, ಸುಮ್ನೆ ನುಗ್ಗುವ ಹಾಗಿಲ್ಲ. ತೊಂದರೆಯಾದಾಗ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆದು ಕೇಳಬೇಕು. ಕಾರವಾರದ ಕೊಲ್ಲಿ ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಪಕ್ಕದಲ್ಲೇ ನೌಕಾನೆಲೆ. ಗೋವಾದಲ್ಲೂ ನದಿಬಾಯಿಯ ಇದೇ ಲೆಕ್ಕ. ಮಾಂಡೋವಿ ನದಿಯ ಬಾಯಲ್ಲಿ ಅಗ್ವಾಡದ ಮರಳ ದಿಬ್ಬ ಇದೆ, ಮುರ್ಮುಗೋವಾ ಬಂದರಿನ ಕಡೆ ನೀರು ಆಳ.

ಕೊಚ್ಚಿಯಲ್ಲೂ ಒಂದು ಕಾಲಕ್ಕೆ ಇಂಥದ್ದೇ ದಿಬ್ಬ ಇತ್ತು. ದೊಡ್ಡ ಹಡಗುಗಳು ಹೊರಗೇ ನಿಲ್ಲುತ್ತಿದ್ದವು. 1920ರ ದಶಕದಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಅದನ್ನು ಕಡಿದು ದಾರಿ ಮಾಡಿಸಿದರು. ತೋಡಿದ ಮಣ್ಣಿನಿಂದಲೇ ವಿಲಿಂಗ್ಡನ್ ದ್ವೀಪ ಎದ್ದಿತು. ಇವತ್ತು ಆ ಕಾಲುವೆಯಲ್ಲಿ ದಾರಿ ತೋರಿಸುವ ತೇಲುಗುರುತುಗಳ (ಬಾಯ್) ಸಾಲು ದೀಪಗಳಿವೆ, ಹಗಲು ರಾತ್ರಿ ಹಡಗು ಓಡಾಡುತ್ತವೆ. ನಾನು ಕೊಚ್ಚಿಯನ್ನು ಆರಿಸುವುದು ಇದಕ್ಕೇ. ಬೋಳ್ಗಟ್ಟಿ ದ್ವೀಪದಲ್ಲಿ 2010ರಲ್ಲಿ ಶುರುವಾದ ಮರೀನಾ ಇದೆ ಎಂಬುದು ಆಮೇಲಿನ ಮಾತು. ಅಲ್ಲಿಗೂ ಮೊದಲೇ ಫೋನ್ ಮಾಡಿ, ನಿಮ್ಮ ದೋಣಿಯ ಆಳಕ್ಕೆ ಈಗ ನೀರು ಸಾಕಾ ಅಂತ ಕೇಳಿ. ದೇಶ ಬಿಡುವ ಕಸ್ಟಮ್ಸ್, ಇಮಿಗ್ರೇಷನ್ ಕೆಲಸವೂ ಕೊಚ್ಚಿಯಲ್ಲೇ ಆಗುತ್ತದೆ. ಅದಕ್ಕೆ ಧಾರಾಳವಾಗಿ ಸಮಯ ಇಡಿ.

ಲಕ್ಷದ್ವೀಪದಲ್ಲಿ ನಿಂತು ಹೋಗೋಣ ಅಂದುಕೊಳ್ಳಬೇಡಿ. ಅಲ್ಲಿಗೆ ನಾವು ಭಾರತೀಯರಿಗೂ ಪರ್ಮಿಟ್ ಬೇಕು. ಅಲ್ಲಿನ ಮಿನಿಕಾಯ್ ದ್ವೀಪ ನಕ್ಷೆಯಲ್ಲಿ ಪಕ್ಕದಲ್ಲೇ ಕಾಣಿಸುತ್ತದೆ ಅಂತ ತಿರುಗಿಸುವಂತಿಲ್ಲ. ಆ ಭಾಗದಲ್ಲಿ ನೈನ್ ಡಿಗ್ರಿ, ಏಯ್ಟ್ ಡಿಗ್ರಿ ಚಾನೆಲ್‌ಗಳಿಗೆ (ದ್ವೀಪಗಳ ನಡುವಿನ ಕಡಲ ದಾರಿಗಳು) ಹೋಗಿ ಬರುವ ದೊಡ್ಡ ಹಡಗುಗಳ ದಾರಿ ಅಡ್ಡ ಬರುತ್ತದೆ. ಸುತ್ತಲಿನ ಹಡಗುಗಳು ಎಲ್ಲಿವೆ ಎಂದು ತೋರಿಸುವ ಎಐಎಸ್ ಉಪಕರಣ ಇಲ್ಲದೆ ಹೊರಡಬೇಡಿ.

ಮಾಲ್ಡೀವ್ಸ್‌ನಲ್ಲಿ ನೇರ ಮಾಲೆಗೆ ಹೋಗುವ ಬದಲು ಉತ್ತರ ತುದಿಯ ಉಲಿಗಮು ದ್ವೀಪಕ್ಕೆ ಹೋಗಿ. ಪ್ರವೇಶದ ಕಾಗದಪತ್ರ ಅಲ್ಲೇ ಆಗುತ್ತದೆ, ಏಜೆಂಟ್ ಮೊದಲೇ ಗೊತ್ತುಮಾಡಿಕೊಳ್ಳಿ. ಅಲ್ಲಿ ಮರಳ ದಿಬ್ಬದ ಬದಲು ಹವಳ. ಹವಳ ಕಾಣಬೇಕಾದರೆ ಸೂರ್ಯ ಮೇಲಿರಬೇಕು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ ಮಾತ್ರ ಒಳಗೆ ಹೋಗಿ. ಕೊಚ್ಚಿಯಿಂದ ಸುಮಾರು 260 ನಾಟಿಕಲ್ ಮೈಲಿ, ಐದು ನಾಟ್‌ಗೆ 52 ಗಂಟೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಮೂರನೇ ದಿನ ಹನ್ನೊಂದಕ್ಕೆ ತಲುಪುತ್ತೀರಿ. ತಡವಾಯಿತೋ, ಹಾಯಿ ಕಡಿಮೆ ಮಾಡಿ ರಾತ್ರಿಯೆಲ್ಲ ಹೊರಗೇ ಇರಿ.

ಇನ್ನೊಂದು ವಿಷಯ, ಡಿಸೆಂಬರ್ ಬಿಟ್ಟು ಜನವರಿ ಮಾಡಿಕೊಳ್ಳಿ. ಓಖಿ ಚಂಡಮಾರುತ 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿ ಹತ್ತಿರ ಎದ್ದು, ಡಿಸೆಂಬರ್ ಮೊದಲ ದಿನಗಳಲ್ಲಿ ಲಕ್ಷದ್ವೀಪದ ಮೇಲೆ ಹಾದುಹೋಯಿತು. ಕಡಲು ಗೊತ್ತಿದ್ದ ಎಷ್ಟೋ ಮೀನುಗಾರರು ವಾಪಸ್ ಬರಲಿಲ್ಲ. ಜನವರಿ, ಫೆಬ್ರವರಿಯಲ್ಲಿ ಈಶಾನ್ಯದ ಗಾಳಿ ಹೆಚ್ಚು ನೆಚ್ಚಿಕೊಳ್ಳುವ ಹಾಗಿರುತ್ತದೆ.

ನಿಲುಗಡೆ ಕಡಿಮೆಯಾದರೆ ಭಯ ಅನ್ನುವವರಿಗೆ ನಾನು ನೌಕಾಪಡೆಯ ಹಾಯಿದೋಣಿ ತಾರಿಣಿಯ ದಾರಿ ತೋರಿಸುತ್ತೇನೆ. ಅದರಲ್ಲಿ ನೌಕಾಪಡೆಯ ಆರು ಮಹಿಳೆಯರು 2017ರ ಸೆಪ್ಟೆಂಬರ್‌ನಲ್ಲಿ ಗೋವಾ ಬಿಟ್ಟು 2018ರ ಮೇನಲ್ಲಿ ಭೂಮಿ ಸುತ್ತಿ ಬಂದರು. ಪ್ಲಾನ್‌ನಲ್ಲಿದ್ದದ್ದು ನಾಲ್ಕೇ ನಿಲುಗಡೆ: ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್. ಚುಕ್ಕಾಣಿಯ ವ್ಯವಸ್ಥೆ ಕೆಟ್ಟಾಗ ಪ್ಲಾನ್‌ನಲ್ಲೇ ಇಲ್ಲದ ಮಾರಿಷಸ್‌ನ ಪೋರ್ಟ್ ಲೂಯಿಸ್‌ಗೆ ಹೋಗಿ ರಿಪೇರಿ ಮಾಡಿಕೊಂಡರು.

ಬೆಂಗಳೂರಿನಿಂದ ಬರುವ ಗೆಳೆಯರಿಗೆ ನಡುವೆ ಎಲ್ಲೂ ಹತ್ತಲು ಹೇಳಬೇಡಿ. ರೈಲಿನಲ್ಲಿ ಕೊಚ್ಚಿಯ ಎರ್ನಾಕುಲಂಗೆ ಹೋಗಿ ರೂಮು ಮಾಡಿಕೊಂಡು ಕಾಯಲಿ. ವಾಪಸ್ ಟಿಕೆಟ್ ಈಗಲೇ ಮಾಡಿಸಿದ್ದರೆ ಕ್ಯಾನ್ಸಲ್ ಮಾಡಿಸಿ. ನಿಮ್ಮ ದೋಣಿ ನೀರಿನ ಕೆಳಗೆ ಎಷ್ಟು ಮೀಟರ್ ಇಳಿಯುತ್ತದೆ, ಎಂಜಿನ್‌ಗೆ ಎಷ್ಟು ಗಂಟೆಯ ಡೀಸೆಲ್ ಹಿಡಿಯುತ್ತದೆ ಅಂತ ನೀವು ಬರೆದಿಲ್ಲ. ಅದನ್ನು ಹೇಳಿ, ಕೊಚ್ಚಿಯಲ್ಲಿ ಲಂಗರು ಹಾಕುವ ಜಾಗದ ಬಗ್ಗೆ ವಿವರವಾಗಿ ಬರೆಯುತ್ತೇನೆ.