ಚಿಪ್ಪಿನೊಳಗಿನ ಆಮ್ಲಜನಕ

ಪ್ರಶ್ನೆ: ಸಮುದ್ರತಳದ ಕೆಸರಿನಲ್ಲಿ ಸಿಗುವ ಸೂಕ್ಷ್ಮ ಚಿಪ್ಪುಗಳನ್ನು ಪರೀಕ್ಷಿಸಿ, ಸಾವಿರಾರು ವರ್ಷಗಳ ಹಿಂದೆ ಕಡಲು ಎಷ್ಟು ಬಿಸಿಯಾಗಿತ್ತೆಂದು ಹೇಳುತ್ತಾರಂತೆ. ಥರ್ಮಾಮೀಟರ್ ಇಲ್ಲದ ಕಾಲದ ಉಷ್ಣತೆ ಚಿಪ್ಪಿನಲ್ಲಿ ಉಳಿಯುವುದಾದರೂ ಹೇಗೆ?
– ಓದುಗರು, ಮಲ್ಪೆ, ಉಡುಪಿ

ಉತ್ತರ: ನೀವು ಕೇಳಿರುವುದು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪಿನ ವಿಚಾರ. ಮಲ್ಪೆಯ ಮರಳಿನಲ್ಲಿ ಮಕ್ಕಳು ಆರಿಸುವ ಕಪ್ಪೆಚಿಪ್ಪಿನಂತೆ ಇದೂ ಸುಣ್ಣದ್ದೇ, ಆದರೆ ಬಹುಪಾಲು ಒಂದು ಮಿಲಿಮೀಟರಿಗಿಂತ ಚಿಕ್ಕದು. ಕೆಸರನ್ನು ಸಣ್ಣ ಜರಡಿಯಲ್ಲಿ ತೊಳೆದು ಒಣಗಿಸಿ, ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಹೆಕ್ಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಆ ತಾಳ್ಮೆಯ ಅಂದಾಜು ಸಿಕ್ಕೀತು.

ಜೀವಿಯು ಚಿಪ್ಪು ಕಟ್ಟುವಾಗ ಸುತ್ತಲಿನ ನೀರಿನ ಆಮ್ಲಜನಕವೇ ಅದರೊಳಗೆ ಸೇರುತ್ತದೆ. ಅದರಲ್ಲಿ ಹಗುರವಾದ ಆಮ್ಲಜನಕ-16 ಹೇರಳ, ಭಾರವಾದ ಆಮ್ಲಜನಕ-18 ಸುಮಾರು ಶೇ. 0.2 ಮಾತ್ರ. ನೀರು ತಣ್ಣಗಾದಂತೆ ಚಿಪ್ಪಿನಲ್ಲಿ ಭಾರದ ಆಮ್ಲಜನಕದ ಪಾಲು ತುಸು ಏರುತ್ತದೆ, ಸುಮಾರು 4 ಡಿಗ್ರಿ ತಂಪಿಗೆ ಇದ್ದ ಪಾಲಿನ ಸಾವಿರದಲ್ಲೊಂದರಷ್ಟು. ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ 1947ರಲ್ಲಿ ಈ ದಾರಿ ತೋರಿದರು. ಭೂವಿಜ್ಞಾನಿ ಚೆಸಾರೆ ಎಮಿಲಿಯಾನಿ 1955ರಲ್ಲಿ ಅದೇ ದಾರಿಯಿಂದ ಆಳಸಮುದ್ರದ ಕೆಸರಿನಲ್ಲಿ ಹಿಮಯುಗಗಳ ಏರಿಳಿತವನ್ನು ಗುರುತಿಸಿದರು.

ಆದರೆ ಚಿಪ್ಪನ್ನೇ ಥರ್ಮಾಮೀಟರ್ ಎಂದುಕೊಂಡರೆ ಎಡವುತ್ತೇವೆ. ಹಗುರ ಆಮ್ಲಜನಕವಿರುವ ನೀರು ಬೇಗ ಆವಿಯಾಗುತ್ತದೆ. ಹಿಮಯುಗದಲ್ಲಿ ಅದು ಹಿಮವಾಗಿ ಬಿದ್ದು ನೆಲದ ಮೇಲೆಯೇ ಉಳಿಯುವುದರಿಂದ ಕಡಲಿನ ನೀರಿನಲ್ಲಿ ಭಾರದ ಪಾಲು ಹೆಚ್ಚುತ್ತದೆ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತೆಂದರೆ ಹಿಮದಲ್ಲಿ ಸಿಕ್ಕಿಕೊಂಡ ನೀರಿನ ಲೆಕ್ಕ ಹಾಕಿಕೊಳ್ಳಿ. ಎಮಿಲಿಯಾನಿ ಉಷ್ಣತೆಯದೆಂದು ಭಾವಿಸಿದ ಬದಲಾವಣೆಯ ಬಹುಭಾಗ ಈ ಹಿಮದ್ದೆಂದು ಭೂವಿಜ್ಞಾನಿ ನಿಕೊಲಸ್ ಶ್ಯಾಕಲ್ಟನ್ 1967ರಲ್ಲಿ ವಾದಿಸಿದರು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಆಟಿಯ ಮಳೆಗೆ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ತುಂಬಿ ಹರಿದು ಕಡಲಿಗೆ ಸುರಿಯುವ ಸಿಹಿನೀರಿನಲ್ಲಿ ಹಗುರ ಆಮ್ಲಜನಕದ ಪಾಲು ಹೆಚ್ಚು. ಆ ನೀರು ಬೆರೆತಲ್ಲಿ ಬೆಳೆದ ಚಿಪ್ಪು, ನೀರು ತಂಪಾಗಿದ್ದರೂ, ಬೆಚ್ಚಗಿದ್ದಂತೆ ಸುಳ್ಳುಸಾಕ್ಷಿ ನುಡಿದೀತು. ಇದನ್ನು ಬಿಡಿಸಲು ಅದೇ ಬಗೆಯ ಚಿಪ್ಪುಗಳಲ್ಲಿ ಕ್ಯಾಲ್ಸಿಯಂಗೆ ಮೆಗ್ನೀಸಿಯಂ ಎಷ್ಟಿದೆಯೆಂದು ಅಳೆಯುತ್ತಾರೆ. ನೀರು ಬೆಚ್ಚಗಿದ್ದಷ್ಟೂ ಮೆಗ್ನೀಸಿಯಂ ಹೆಚ್ಚು ಸೇರುತ್ತದೆ. ಹಿಮ, ಮಳೆಗಳ ಹಂಗು ಅದಕ್ಕೆ ಕಡಿಮೆ. ಹೀಗೆ ತಿಳಿದ ಉಷ್ಣತೆಯ ಪಾಲನ್ನೂ ಹಿಮದ ಪಾಲನ್ನೂ ಆಮ್ಲಜನಕದ ಲೆಕ್ಕದಿಂದ ಕಳೆದರೆ ಉಳಿಯುವುದು ಸಿಹಿನೀರಿನ ಸುಳಿವು, ಅಂದರೆ ಮುಂಗಾರಿನ ಕುರುಹು. ಕಡಲಿನ ಬಿಸಿಗಿಂತ ನಮ್ಮವರಿಗೆ ಬೇಕಾದ ಸುದ್ದಿ ಇದೇ ಎಂಬುದು ನನ್ನ ಅನಿಸಿಕೆ. ಇದಕ್ಕಾಗಿ ಮೇಲ್ನೀರಿನಲ್ಲಿ ಬದುಕುವ ಗ್ಲೋಬಿಜೆರಿನಾಯ್ಡಿಸ್ ರೂಬರ್‌ನಂತಹ ಪ್ರಭೇದವನ್ನೇ ಹೆಕ್ಕುತ್ತಾರೆ, ಏಕೆಂದರೆ ಆಳದ ತಳದಲ್ಲಿ ಬಾಳಿದ ಚಿಪ್ಪು ನದಿಯ ನೀರನ್ನು ಕಂಡೇ ಇರುವುದಿಲ್ಲ.