ತಟ್ಟಿದರೆ ಮಾತ್ರ ತಿರುಗುವ ಡ್ರಿಲ್

ಪ್ರಶ್ನೆ: ನನ್ನ ಡ್ರಿಲ್ ಮಷಿನ್ ಸ್ವಿಚ್ ಒತ್ತಿದರೂ ಒಮ್ಮೊಮ್ಮೆ ತಿರುಗುವುದಿಲ್ಲ. ಕೈಯಲ್ಲಿ ತಟ್ಟಿದರೆ ಶುರುವಾಗಿ ಮತ್ತೆ ನಿಲ್ಲುತ್ತದೆ. ಗಾಳಿಕಿಂಡಿಯೊಳಗೆ ಕಿಡಿ ಹಾರುತ್ತದೆ. ಮೋಟರ್ ಹೋಗಿದೆ ಅಂತಾರೆ. ಹೊಸದು ಕೊಳ್ಳಲೇ?

ಉತ್ತರ: ಸ್ವಲ್ಪ ತಡೆಯಿರಿ. ತಟ್ಟಿದರೆ ತಿರುಗುತ್ತದೆ ಅಂತ ನೀವೇ ಬರೆದಿದ್ದೀರಲ್ಲ, ನನಗೆ ಮೊದಲು ಅನುಮಾನ ಬರುವುದು ಕಾರ್ಬನ್ ಮೇಲೆ. ಮೋಟರ್ ಒಳಗೆ ತಿರುಗುವ ಆರ್ಮೇಚರ್‌ಗೆ ಕರೆಂಟ್ ಮುಟ್ಟಿಸುವುದು ಎರಡು ಪುಟ್ಟ ಕಾರ್ಬನ್ ತುಂಡುಗಳು, ಇವನ್ನೇ ಬ್ರಷ್ ಅಂತಲೂ ಕರೆಯುತ್ತಾರೆ. ಹಿಂದಿನಿಂದ ಸ್ಪ್ರಿಂಗ್ ಅವನ್ನು ಒತ್ತಿ ಹಿಡಿದಿರುತ್ತದೆ. ಸವೆದು ಗಿಡ್ಡವಾದಾಗ ಸ್ಪ್ರಿಂಗ್‌ನ ಒತ್ತಡ ಸಾಲುವುದಿಲ್ಲ. ನೀವು ತಟ್ಟಿದಾಗ ತುಂಡು ಅಲುಗಿ ಮತ್ತೆ ತಾಗುತ್ತದೆ, ಅಷ್ಟೇ.

ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕೆಲವು ಮಷಿನ್‌ಗಳಲ್ಲಿ ಮೋಟರ್‌ನ ಎರಡೂ ಪಕ್ಕ ಸ್ಕ್ರೂ ಡ್ರೈವರ್ ಗೀರು ಇರುವ ದುಂಡನೆಯ ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿದರೆ ಕಾರ್ಬನ್ ಹೊರಗೆ ಬರುತ್ತದೆ. ಇಲ್ಲದಿದ್ದರೆ ಮೈ ಬಿಚ್ಚಬೇಕು. ಆಗ ವೈರ್ ಎಲ್ಲೆಲ್ಲಿ ಹಾದಿದೆ ಅಂತ ಫೋಟೊ ತೆಗೆದುಕೊಳ್ಳಿ, ಮುಚ್ಚುವಾಗ ನೆನಪನ್ನು ನಂಬಬೇಡಿ.

ಉಳಿದಿರುವುದು 5-6 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಿಸಿ. ಒಂದು ಚೆನ್ನಾಗಿ ಕಂಡರೂ ಎರಡನ್ನೂ ಒಟ್ಟಿಗೇ ಹಾಕಿ. ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಉದ್ದ, ಅಗಲ, ದಪ್ಪದ ಜೊತೆಗೆ ಸ್ಪ್ರಿಂಗ್ ಮತ್ತು ತುದಿಯ ತಗಡೂ ಹೊಂದಬೇಕು. ಹೊಸದು ಕೂದಲೆಳೆಯಷ್ಟು ದಪ್ಪವಿದ್ದರೆ ನಯವಾದ ಮರಳು ಕಾಗದದ ಮೇಲೆ ಉಜ್ಜಿ ಸರಿಮಾಡಬಹುದು. ತೆಳ್ಳಗಿರುವುದನ್ನು ಮಾತ್ರ ಮುಲಾಜಿಲ್ಲದೆ ವಾಪಸ್ ಕೊಡಿ. ಅದು ತಾನು ಕೂರುವ ಗೂಡಿನಲ್ಲಿ ಅಲ್ಲಾಡಿ ಬೇಗ ಒಡೆಯುತ್ತದೆ. ಗೂಡಿನೊಳಗೆ ಕಾರ್ಬನ್ ಬಿಗಿಯಾಗಿ ಸಿಕ್ಕಿಕೊಳ್ಳಲೂಬಾರದು, ಸಲೀಸಾಗಿ ಜಾರಬೇಕು.

ಹಾಗೇ ಕಾರ್ಬನ್ ತಾಗುವ ಒಳಗಿನ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಅದನ್ನೂ ಒಮ್ಮೆ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಒಳ್ಳೆಯದೇ. ಕೊಳೆ ಅಂದುಕೊಂಡು ಸುಮ್ನೆ ತಿಕ್ಕಿ ಫಳಫಳ ಮಾಡಲು ಹೋಗಬೇಡಿ. ಸುಟ್ಟ ಕಪ್ಪು ಕಲೆ, ಆಳದ ಗೀರು, ಮೇಲೆದ್ದ ಪಟ್ಟಿ ಕಂಡರೆ ಬೇರೆ ಮಾತು. ಆಗ ಹೊಸ ಕಾರ್ಬನ್ ಹಾಕಿದರೂ ಜಾಸ್ತಿ ದಿನ ಬಾರದು.

ಹಾಕಿದ ಮೇಲೆ ಬಿಟ್ ತೆಗೆದು ಕೆಲವು ನಿಮಿಷ ಖಾಲಿ ಓಡಿಸಿ. ಹೊಸ ಕಾರ್ಬನ್‌ನ ಮುಖ ಉರುಳೆಯ ಬಾಗಿಗೆ ಸವೆದು ಕೂರುವವರೆಗೆ ಸಣ್ಣ ಕಿಡಿ ಇದ್ದೇ ಇರುತ್ತದೆ. ಆದರೆ ಕಿಡಿ ಉರುಳೆಯ ಸುತ್ತಲೂ ಬೆಂಕಿಯ ಬಳೆಯ ಹಾಗೆ ಸುತ್ತಿದರೆ ತಕ್ಷಣ ನಿಲ್ಲಿಸಿ. ತೊಂದರೆ ಬಹುಶಃ ಆರ್ಮೇಚರ್‌ದು. ಅದನ್ನು ರಿಪೇರಿಯವರಿಗೇ ಬಿಡಿ.

ನಿಮ್ಮ ಮಷಿನ್ ಮೇಲೆ ಬ್ರಷ್‌ಲೆಸ್ ಅಂತ ಬರೆದಿದೆಯಾ? ಹಾಗಿದ್ದರೆ ಇಷ್ಟೂ ಮರೆತುಬಿಡಿ, ಅದರಲ್ಲಿ ಕಾರ್ಬನ್ನೇ ಇರುವುದಿಲ್ಲ. ಆದರೆ ಕಿಡಿ ಹಾರುತ್ತಿದೆ ಅಂದಿರಲ್ಲ, ನಿಮ್ಮದು ಅದಿರಲಾರದು.